ಸೊನ್ನೆ ತೋರಿಸಿದ ಯಂತ್ರ

ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಅಳೆಯುವ ಸಣ್ಣ ಯಂತ್ರ ಮಾಡುವ, ನಾಸಿಕ್‌ನ ಸಾತಪುರದ ಕಾರ್ಖಾನೆಯಲ್ಲಿ ನನಗೆ ಕೆಲಸ. ಯಂತ್ರಕ್ಕೆ ಸಿಕ್ಕಿಸುವ ಪಟ್ಟಿಗೆ ಆ ಸಕ್ಕರೆಯನ್ನು ಗುರುತಿಸುವ ಕಿಣ್ವ ಹಚ್ಚಿರುತ್ತೇವೆ. ಬಿಸಿ ತಾಗಿದರೆ ಅದು ಕೆಡುತ್ತದೆ. ಒಂದು ಬೇಸಿಗೆಯಲ್ಲಿ ಪಟ್ಟಿಗಳನ್ನು ಐಸ್ ಡಬ್ಬಿಯಲ್ಲಿಟ್ಟುಕೊಂಡು ಯಂತ್ರ ಮಾರಲು ಸಂಭಾಜಿನಗರದ ಡೈರಿಯೊಂದಕ್ಕೆ ಬಸ್ಸಿನಲ್ಲಿ ಹೋದೆ. ಹಾಲು ಒಗ್ಗದವರಿಗಾಗಿ ಅವರು ಆ ಸಕ್ಕರೆಯಿಲ್ಲದ ಹಾಲನ್ನು ಮೊದಲ ಸಲ ಮಾಡಿದ್ದರು.

ಪಟ್ಟಿಯನ್ನು ಹಾಲಿಗೆ ಅದ್ದಿದೆ. ಯಂತ್ರ ಸೊನ್ನೆ ತೋರಿಸಿತು.

"ಸೊನ್ನೆ ಬಂತಲ್ರಿ, ಹಾಲಿನ ಗಾಡಿ ಬಿಡಸ್ತೀನಿ," ಎಂದರು ಧಾರವಾಡ ಕಡೆಯ ಮ್ಯಾನೇಜರು.

ನನಗೆ ಸಮಾಧಾನವಾಗಲಿಲ್ಲ. ಡಬ್ಬಿಯ ಐಸು ದಾರಿಯಲ್ಲೇ ಕರಗಿ ನೀರಾಗಿತ್ತು. ಚಹಾಕ್ಕೆಂದು ಇಟ್ಟಿದ್ದ ಸಾದಾ ಹಾಲಿಗೆ ಇನ್ನೊಂದು ಪಟ್ಟಿ ಅದ್ದಿದೆ. ಅದಕ್ಕೂ ಸೊನ್ನೆಯೇ ಬಂತು.

"ಸರ್, ಗಾಡಿ ನಿಲ್ಲಿಸ್ರಿ. ಪಟ್ಟಿ ಕೆಟ್ಟಾವ. ಹಾಲಿನ್ಯಾಗ ಸಕ್ರಿ ಇದ್ರೂ ಇವಕ್ಕ ಗೊತ್ತಾಗೂದಿಲ್ಲ."

"ಮತ್ತ ನಿಮ್ಮ ಯಂತ್ರ ಹ್ಯಾಂಗ ನಂಬೂದ್ರಿ?"

ಅವರು ಮುಖ ಬಿಗಿದುಕೊಂಡೇ ಹೊರಗೆ ಹೋಗಿ, ಗೇಟು ತಲುಪಿದ್ದ ಗಾಡಿಯನ್ನು ವಾಪಸು ಕರೆಸಿದರು. ಮರುದಿನ ನಾಸಿಕ್‌ನಿಂದ ಹೊಸ ಪಟ್ಟಿಗಳು ಬಂದವು. ಅಳೆದರೆ, ಆ ಹಾಲಿನಲ್ಲಿ ಅರ್ಧದಷ್ಟು ಸಕ್ಕರೆ ಹಾಗೇ ಉಳಿದಿತ್ತು.

"ನನ್ನ ಮಗಳಿಗೂ ಹಾಲು ಒಗ್ಗೂದಿಲ್ರಿ. ಮೊದಲನೇ ಪ್ಯಾಕೆಟ್ ಆಕಿಗೇ ಒಯ್ಯಾಂವ ಇದ್ದೆ," ಎಂದರು ಮ್ಯಾನೇಜರು.

ನಮ್ಮ ಯಂತ್ರವನ್ನು ಮಾತ್ರ ಅವರು ಕೊಳ್ಳಲಿಲ್ಲ.