ಕಲ್ಲಿನ ಸಂದಿಯಲ್ಲಿ ಅರ್ಧ ಗಿಡ

ಕಳೆದ ನವೆಂಬರ್ ಮೊದಲ ಸೋಮವಾರ ಬೆಳಿಗ್ಗೆ ಪಕ್ಕದ ಮನೆಯ ಆಂಟಿ ತೀರಿಕೊಂಡರು. ಆಸ್ಪತ್ರೆಯ ಬಿಳಿ ಹೊದಿಕೆಯ ಮೇಲಿದ್ದ ಎಡಗೈಯ ಹೆಬ್ಬೆರಳಿನ ಉಗುರು ಆಗಲೂ ಕಪ್ಪಾಗಿತ್ತು, ನಡುವೆ ಉದ್ದಕ್ಕೆ ಸೀಳಿತ್ತು. ಸುಣ್ಣಕಲ್ಲಿನ ಚಪ್ಪಡಿಯೊಂದು ಜಾರಿ ಆ ಬೆರಳಿನ ಮೇಲೆ ಬಿದ್ದ ಮೇಲೆ ಉಗುರು ಸರಿಯಾಗಿ ಬೆಳೆದಿರಲಿಲ್ಲ. ಇದೇನಾಯಿತು ಎಂದು ನರ್ಸ್ ಕೇಳಿದಾಗ ಆಂಟಿ "ಗಾರ್ಡನಿಂಗ್" ಎಂದಷ್ಟೇ ಹೇಳಿದ್ದರು.

ಮಿಷಿಗನ್ನಿನ ಸ್ಟರ್ಲಿಂಗ್ ಹೈಟ್ಸ್‌ನ ನಮ್ಮ ಸಬ್‌ಡಿವಿಷನ್ ಎನ್ನುವ ಬಡಾವಣೆಯಲ್ಲಿ ಅವರದು ಮೂಲೆ ಮನೆ. ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದು ಅಳೆಯುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಯಾರ ಮನೆಗೆ ಹೋದರೂ ಕಿಚನ್ ಕಬೋರ್ಡಿನ ಬಾಗಿಲನ್ನು ಒಮ್ಮೆ ಮುಚ್ಚಿ ನೋಡುತ್ತಿದ್ದರು.

ಗಿಡದ ಹುಚ್ಚು ಇದ್ದದ್ದು ಅವರಿಗಲ್ಲ, ಅಂಕಲ್‌ಗೆ. ಎತ್ತರದ ಬೆಟ್ಟಗಳ ಗಿಡದ ಬೀಜ ತರಿಸಿ, ಕುಂಡಗಳಲ್ಲಿ ಬಿತ್ತಿ, ಚಳಿಗಾಲವಿಡೀ ಹಿತ್ತಲ ಮರದ ಡೆಕ್ ಮೇಲೆ ಹಿಮದಲ್ಲಿ ಬಿಡುತ್ತಿದ್ದರು. ಚಳಿ ತಾಗದಿದ್ದರೆ ಆ ಬೀಜಗಳು ಮೊಳೆಯುವುದಿಲ್ಲ. "ನಮ್ಮನೇಲಿ ಮಣ್ಣಿಗೂ ಫ್ರಿಜ್ ಬೇಕು ನೋಡಿ" ಎಂದು ಆಂಟಿ ಬಂದವರೆದುರು ಗೇಲಿ ಮಾಡುತ್ತಿದ್ದರು. ಯಾವ ಕುಂಡದಲ್ಲಿ ಏನಿದೆ ಎಂದು ಅಂಕಲ್ ಬರೆದಿಡುತ್ತಿರಲಿಲ್ಲ. ಅವರಿಗೆ ನೆನಪಿರುತ್ತಿತ್ತು.

ಒಂದು ಫೆಬ್ರವರಿಯಲ್ಲಿ ಅಂಕಲ್ ಹೃದಯಾಘಾತದಿಂದ ಹೋದರು. ಕುಂಡಗಳು ಹಿಮದಡಿಯಲ್ಲೇ ಉಳಿದವು. ಮೇ ತಿಂಗಳಲ್ಲಿ ಆಂಟಿ ಅವನ್ನು ಖಾಲಿ ಮಾಡುತ್ತಿದ್ದವರು ಬೇಲಿಯಾಚೆಯಿಂದ ನನ್ನನ್ನು ಕರೆದರು.

"ಬಾರೋ ಇಲ್ಲಿ. ಇದು ಕಳೆನಾ, ಅವರದ್ದಾ?"

ಒಂದು ಕುಂಡದಲ್ಲಿ ಸಾಸಿವೆ ಗಾತ್ರದ ಹಸಿರು ಇತ್ತು. ನನಗೆ ಗೊತ್ತಾಗಲಿಲ್ಲ. ಅಂಕಲ್‌ಗೆ ಪರಿಚಯವಿದ್ದ ತೋಟಗಾರರೊಬ್ಬರಿಗೆ ಫೋಟೊ ಕಳಿಸಿದೆವು. ಬಂಡೆಯ ಬಿರುಕಿನಲ್ಲಿ ಬೆಳೆಯುವ ಜಾತಿ, ಮಿಷಿಗನ್ನಿನ ಜೇಡಿಮಣ್ಣಿನಲ್ಲಿ ಕೊಳೆಯುತ್ತದೆ, ಕಲ್ಲುಗಳ ನಡುವೆ ನೆಡಬೇಕು ಎಂದರು. ಹೂವಿನ ಬಣ್ಣ ಕೇಳಿದ್ದಕ್ಕೆ, ಬಿಳಿ, ಹಳದಿ, ಗುಲಾಬಿ ಯಾವುದೂ ಆಗಬಹುದು, ಬಿಟ್ಟಾಗಲೇ ತಿಳಿಯುವುದು, ಕೆಲವು ವರ್ಷ ಹಿಡಿಯುತ್ತದೆ ಎಂದರು.

"ಹಾಗಾದ್ರೆ ಕಲ್ಲು ತರೋಣ" ಎಂದರು ಆಂಟಿ. "ಕೊನೇ ಸಲ ಏನು ಬಿತ್ತಿದ್ರು ಅಂತ ನನಗೆ ಗೊತ್ತಾಗ್ಬೇಕು."

ಆ ಒಂದು ಸಸಿಗಾಗಿ ಅವರ ಮುಂದಿನ ಅಂಗಳಕ್ಕೆ ವಿಕ್ಸಮ್‌ನ ಕಲ್ಲಿನ ಅಂಗಡಿಯಿಂದ ಒಂದು ಲಾರಿ ಚಪ್ಪಡಿ ಬಂತು. ಅವರು ಅಳೆದರು, ನಾನು ಎತ್ತಿದೆ. ಚಪ್ಪಡಿಗಳನ್ನು ಮಲಗಿಸದೆ, ಬ್ರೆಡ್ ತುಂಡುಗಳ ಹಾಗೆ ಒಂದರ ಪಕ್ಕ ಒಂದು ನಿಲ್ಲಿಸಬೇಕು. ಮುಕ್ಕಾಲು ಭಾಗ ನೆಲದೊಳಗೆ, ಎಲ್ಲವೂ ಒಂದೇ ಕಡೆಗೆ ವಾಲಿರಬೇಕು. ನಡುವೆ ಬೆರಳು ಹೋಗುವಷ್ಟು ಸಂದು. ಅದರಲ್ಲಿ ಮರಳು, ಸಣ್ಣ ಜಲ್ಲಿ. ಒಂದು ಸಂದು ಅಗಲವಾಗಿ ಕಂಡರೆ ಆಂಟಿ ಕಲ್ಲನ್ನು ಪೂರ್ತಿ ಕೀಳಿಸುತ್ತಿದ್ದರು. "ನಾನು ರಿಜೆಕ್ಟ್ ಮಾಡಿದ್ದು ರಿಜೆಕ್ಟೇ" ಎನ್ನುತ್ತಿದ್ದರು. ಉಗುರು ಹೋದದ್ದು ಅಂಥ ಒಂದು ಕಲ್ಲಿಗೆ.

ಸಸಿಯ ಬೇರಿನಿಂದ ಮಣ್ಣನ್ನೆಲ್ಲ ತೊಳೆದು, ಬರಿಬೇರನ್ನು ಹಳೆಯ ಹ್ಯಾಕ್ಸಾ ಬ್ಲೇಡಿನಿಂದ ಸಂದಿಗೆ ಇಳಿಸಿದರು. ಮೊದಲ ಬೇಸಿಗೆ ಚಮಚದಲ್ಲಿ ನೀರು. ಆಮೇಲೆ ಅದೂ ಇಲ್ಲ. ನಾಲ್ಕನೆಯ ವರ್ಷಕ್ಕೆ ಗಿಡ ಒಂದು ಇಡ್ಲಿಯಷ್ಟು ದುಂಡಗಾಯಿತು. ಹೂ ಬಂದಿರಲಿಲ್ಲ.

ಆ ಬೇಸಿಗೆ ನನ್ನ ತಾಯಿ ಮೈಸೂರಿನಿಂದ ಬಂದಿದ್ದರು. ಸೀರೆ, ಬಿಳಿ ಸ್ನೀಕರ್ಸ್, ದಿನಾ ಬೆಳಿಗ್ಗೆ ಸಬ್‌ಡಿವಿಷನ್ ಸುತ್ತ ಎರಡು ರೌಂಡ್. ಸಾಲಾಗಿ ನಿಂತ ಕಲ್ಲುಗಳನ್ನು ನೋಡಿ ಅವರು ನಾಗರಕಲ್ಲು ಎಂದುಕೊಂಡರು. ನನ್ನನ್ನು ಕೇಳಲಿಲ್ಲ. ನಾಗರಪಂಚಮಿಯ ಬೆಳಿಗ್ಗೆ ಎತ್ತರದ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಒಂದು ಚೊಂಬು ಹಾಲು ಎರೆದರು. ಹಾಲು ಕಲ್ಲಿನ ಮೇಲಿಂದ ಇಳಿದು ಗಿಡದ ಮೇಲೆ ನಿಂತಿತು.

ನಾನು ಓಡಿ ಹೋಗುವಷ್ಟರಲ್ಲಿ ಆಂಟಿ ನೈಟಿಯಲ್ಲೇ ಹೊರಬಂದು ಹುಲ್ಲಿನ ಮೇಲೆ ಬೋರಲು ಮಲಗಿದ್ದರು. ಟರ್ಕಿ ಕೋಳಿ ಬೇಯಿಸುವಾಗ ರಸ ಹೀರಲು ಬಳಸುವ ರಬ್ಬರ್ ಬುಡ್ಡೆಯ ನಳಿಗೆಯಿಂದ ಹಾಲನ್ನು ಹೀರಿ ತೆಗೆಯುತ್ತಿದ್ದರು.

"ನಾಗಪ್ಪನ ನೈವೇದ್ಯ ವಾಪಸ್ ತೆಗೀತಾ ಇದೀಯಲ್ಲಮ್ಮ!" ಎಂದರು ನನ್ನ ತಾಯಿ.

"ಅವನಿಗೆ ಲ್ಯಾಕ್ಟೋಸ್ ಆಗಲ್ಲ ಅಮ್ಮ" ಎಂದರು ಆಂಟಿ, ತಲೆ ಎತ್ತದೆ.

ನಾನು ತಾಯಿಗೆ ಗಿಡದ ವಿಷಯ ಹೇಳಿದೆ. ಅವರು ಖಾಲಿ ಚೊಂಬನ್ನು ಸೆರಗಿನಡಿ ಸರಿಸಿಕೊಂಡರು.

ಮರುದಿನ ಆಂಟಿ ನಮ್ಮ ಡ್ರೈವ್‌ವೇಗೆ ಕಾರು ತಂದರು. "ಅಮ್ಮ, ಹತ್ತಿ. ನಿಮಗೆ ಬೇರೆ ಕಲ್ಲು ಕೊಡಿಸ್ತೀನಿ." ವಿಕ್ಸಮ್‌ನಲ್ಲಿ ನನ್ನ ತಾಯಿ ತೆಂಗಿನಕಾಯಿ ಆರಿಸುವಂತೆ ಚಪ್ಪಡಿಗಳನ್ನು ಬೆರಳಿನಿಂದ ತಟ್ಟಿ ನೋಡಿ ಒಂದನ್ನು ಆರಿಸಿದರು. ಅದನ್ನು ಆಂಟಿಯ ಮನೆಯ ಹಿಂದೆ, ಮಳೆನೀರಿನ ಪೈಪಿನ ಬಳಿ ನಿಲ್ಲಿಸಿದೆವು.

"ಪ್ರತಿಷ್ಠೆ ಯಾರು ಮಾಡೋದು?" ಎಂದರು ನನ್ನ ತಾಯಿ.

"ಈ ಲೆವೆಲ್ ಹಿಡ್ಕೊಳ್ಳಿ. ಗುಳ್ಳೆ ಮಧ್ಯ ಬಂತಾ? ಆಯ್ತು ಪ್ರತಿಷ್ಠೆ" ಎಂದರು ಆಂಟಿ, ರಸಮಟ್ಟವನ್ನು ಅವರ ಕೈಗೆ ಕೊಟ್ಟು.

ವೀಸಾ ಮುಗಿಯುವವರೆಗೆ ನನ್ನ ತಾಯಿ ಅಲ್ಲಿಗೇ ಹಾಲು ಎರೆದರು. ಬೇರೆ ಮನೆಗಳಿಗೆ ಬಂದಿದ್ದ ತಾಯಂದಿರನ್ನೂ ಅಲ್ಲಿಗೇ ಕರೆದೊಯ್ದರು. ಆಂಟಿ ದೇವರನ್ನು ನಂಬುತ್ತಿರಲಿಲ್ಲ. ಆ ಕಲ್ಲಿನ ಸುತ್ತ ಹುಲ್ಲು ಕತ್ತರಿಸಿ ಇಡುತ್ತಿದ್ದರು.

ಸೆಪ್ಟೆಂಬರಿಗೆ ಗಿಡದ ಅರ್ಧ ಕಂದು ಬಣ್ಣಕ್ಕೆ ತಿರುಗಿತು. ಆಂಟಿ ಸತ್ತ ಭಾಗವನ್ನು ಉಗುರು ಕತ್ತರಿಯಿಂದ ತೆಗೆದು, ಖಾಲಿ ಜಾಗಕ್ಕೆ ಚಮಚದಿಂದ ಮರಳು ತುಂಬಿದರು. "ಅರ್ಧ ಇದೆಯಲ್ಲ" ಎಂದರು. ಹೂವು ಪೂರ್ತಿ ಗಿಡದಲ್ಲೇ ಬಿಡಬೇಕು ಅಂತ ರೂಲ್ ಇಲ್ಲ ಎಂದೂ ಹೇಳಿದರು. ನನ್ನ ತಾಯಿಯ ಮುಂದೆ ಈ ಮಾತು ಎತ್ತಲಿಲ್ಲ.

ಮುಂದಿನ ವಸಂತದಲ್ಲೂ ಹೂ ಬರಲಿಲ್ಲ. ಆ ಬೇಸಿಗೆಯಲ್ಲಿ ಅವರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ತಿಳಿಯಿತು. ಅಕ್ಟೋಬರಿನಲ್ಲಿ ಆಸ್ಪತ್ರೆಗೆ ಹೊರಡುವಾಗ ಕಾರಿನ ಕಿಟಕಿ ಇಳಿಸಿ ನನಗೆ ಹೇಳಿದರು: "ನೀರು ಹಾಕ್ಬೇಡ. ಪಾಪ ಅಂತ ಯಾರಾದ್ರೂ ಹಾಕೋಕೆ ಬಂದ್ರೂ ಬಿಡಬೇಡ. ನಿನ್ನ ಕೆಲಸ ಏನೂ ಮಾಡದೆ ಇರೋದು. ನಿಂಗೆ ಬರುತ್ತೆ ಅದು."

ಅವರು ನನಗೆ ಹೇಳಿದ ಕೊನೆಯ ಉದ್ದನೆಯ ಮಾತು ಅದೇ.

ಆಂಟಿಯ ಮಗಳು ಐದು ಗಂಟೆ ದೂರದ ಗ್ಲೆಂಡೇಲ್ ಹೈಟ್ಸ್‌ನಿಂದ ಡ್ರೈವ್ ಮಾಡಿಕೊಂಡು ಬಂದು ಮನೆ ಖಾಲಿ ಮಾಡಿದಳು. ಕೊನೆಯ ದಿನ ಕೈಯಲ್ಲಿ ಸಣ್ಣ ಸಲಿಕೆ ಹಿಡಿದು ಕಲ್ಲುಗಳ ಮುಂದೆ ನಿಂತಿದ್ದಳು.

"ಅಂಕಲ್, ಕ್ಯಾನ್ ಐ ಟೇಕ್ ಇಟ್ ಹೋಮ್?" ಎಂದು ನನ್ನನ್ನು ಕೇಳಿದಳು.

ಬೇರು ಕಲ್ಲುಗಳ ನಡುವೆ ತೋಳುದ್ದ ಇಳಿದಿದೆ, ಕಿತ್ತರೆ ಉಳಿಯುವುದಿಲ್ಲ ಎಂದೆ.

"ಡಿಡ್ ಶಿ ಎವರ್ ಸೀ ದ ಕಲರ್?"

"ಇಲ್ಲಮ್ಮ."

ಅವಳು ಸಲಿಕೆಯನ್ನು ಕಾರಿನ ಟ್ರಂಕಿನಲ್ಲಿಟ್ಟಳು.

ಮನೆ ಮಾರ್ಚ್‌ನಲ್ಲಿ ಮಾರಾಟವಾಯಿತು. ಕೊಂಡವರು ಜೂನ್‌ನಲ್ಲಿ ಬರುತ್ತಾರೆ. ಮುಂದಿನ ಅಂಗಳಕ್ಕೆ ಪೂರ್ತಿ ಹುಲ್ಲು ಹಾಕಿಸಿ ಸ್ಪ್ರಿಂಕ್ಲರ್ ಕೂರಿಸುವ ಯೋಚನೆ ಅವರದು ಎಂದು ಏಜೆಂಟ್ ಹೇಳಿದರು. ಕೊಂಡವರಿಗೆ ಗಿಡದ ಬಗ್ಗೆ ಒಂದು ಇಮೇಲ್ ಕಳಿಸಿದ್ದೇನೆ. ಉತ್ತರ ಬಂದಿಲ್ಲ. ಮೈಸೂರಿನಿಂದ ತಾಯಿ ಪ್ರತಿ ಭಾನುವಾರ ಫೋನಿನಲ್ಲಿ ಮೊದಲು ಗಿಡವನ್ನು ವಿಚಾರಿಸುತ್ತಾರೆ, ಆಮೇಲೆ ನನ್ನನ್ನು.

ಇವತ್ತು ಏಪ್ರಿಲ್ ಕೊನೆಯ ಶನಿವಾರ. ಬೆಳಿಗ್ಗೆ ಏಳಕ್ಕೆ ಮೂವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್, ಇನ್ನೂ ಕೊರೆಯುವ ಚಳಿ ಇತ್ತು. ಉಳಿದ ಅರ್ಧದಲ್ಲಿ ಒಂದು ಮೊಗ್ಗು ಇದೆ. ತುದಿ ಹಸಿರಾಗಿದೆ, ಬಣ್ಣ ಇನ್ನೂ ಕಾಣಿಸುತ್ತಿಲ್ಲ.