ಬಾಗಿಲಿಗೆ ಬಳಿದ ಬಣ್ಣ

ತಂಬಾಕಿನ ಸೊಪ್ಪನ್ನು ಬಿಸಿಯಲ್ಲಿ ಬೇಯಿಸಿ ಒಣಗಿಸುವ ನಮ್ಮ ಬ್ಯಾರನ್ ಮನೆಯ ತೊಲೆ ಸುಟ್ಟದ್ದು ಯಾರ ಕಣ್ಣು ಬಿದ್ದೂ ಅಲ್ಲ. ಬೆಂಕಿ ತಡೆಯುವ ಬಣ್ಣವನ್ನು ನನ್ನ ಮಗ ಜನ ನೋಡುವ ಬಾಗಿಲಿಗೆ ಬಳಿದು, ಒಳಗಿನ ತೊಲೆಗಳನ್ನು ಹಾಗೇ ಬಿಟ್ಟಿದ್ದ, ಅಷ್ಟೆ.

ಒಳಗೆ ಸೊಪ್ಪು ಬೇಯುತ್ತಿದ್ದರೆ ನನಗೆ ಒಂದು ಕಡೆ ಕೂರಲಾಗುವುದಿಲ್ಲ. "ಬಣ್ಣ ಬಳ್ದಾಯ್ತಲ್ಲವ್ವ, ಇನ್ನೇನ್ ಭಯ? ಸುಮ್ಕೆ ಕೂತ್ಕೊ" ಎಂದು ಮಗ ಗದರಿದ್ದ. ಆದರೂ ಆ ಮಧ್ಯಾಹ್ನ ನಾಲ್ಕನೇ ಸಲ ಬ್ಯಾರನ್ ಸುತ್ತು ಹಾಕುವಾಗ ಸುಟ್ಟ ವಾಸನೆ ಬಂತು. ಕಿಂಡಿಯಲ್ಲಿ ಇಣುಕಿದೆ. ಒಲೆಯಿಂದ ಒಳಗೆ ಹಾಯ್ದ ಕಾದ ಪೈಪಿನ ಮೇಲೆ ಉದುರಿದ ಒಣ ಎಲೆ ಹೊತ್ತಿಕೊಂಡು ಉರಿ ತೊಲೆಗೆ ಏರಿತ್ತು. ನಾನು ಕೂಗಿಕೊಂಡೆ. ಅಕ್ಕಪಕ್ಕದ ಹೊಲದವರೆಲ್ಲ ಓಡಿಬಂದು ನೀರು ಎರಚಿದರು. ಗೋಡೆ, ಚಾವಣಿ ಉಳಿದವು. ಒಂದು ತೊಲೆಯೂ ಅರ್ಧ ಸೊಪ್ಪೂ ಹೋದವು. ಬಾಗಿಲು ಮಾತ್ರ ಮದುವೆ ಮನೆಯದರ ಹಾಗೆ ಬೆಳ್ಳಗೆ ನಿಂತಿತ್ತು.

"ಯಾರ್ದೋ ಕಣ್ ಬಿದ್ದದೆ ಕಣಕ್ಕ" ಎಂದಳು ಪಕ್ಕದ ಹೊಲದವಳು. ನಾನು ಮಗನ ಕಡೆ ತಿರುಗಿದೆ.

"ಒಳೀಕ್ಕೆ ಯಾಕ್ಲಾ ಬಳೀಲಿಲ್ಲ?"

"ಒಳಗ್ ಯಾರವ್ವ ನೋಡಾರು ಅಂತ..."

"ಬೆಂಕಿ ನೋಡ್ತು ಕಣ್ಲಾ."

ಉಳಿದಿದ್ದ ಅರ್ಧ ಡಬ್ಬವನ್ನು ಅವನು ಮನೆಯ ಮುಂಬಾಗಿಲಿಗೆಂದು ಅಟ್ಟದಲ್ಲಿ ಎತ್ತಿಟ್ಟಿದ್ದ. ಮಾರನೆಯ ಬೆಳಿಗ್ಗೆ ಕಾಫಿಗೂ ಮೊದಲೇ ಅದನ್ನು ಇಳಿಸಿದೆ. ಬ್ಯಾರನ್ ಒಳಗೆ ಸೊಸೆ ಏಣಿ ಹಿಡಿದುಕೊಂಡಳು. ನಾನು ಹತ್ತಿ, ನೀರು ಬೀಳದೆ ಒಣಗಿದ್ದ ತೊಲೆಗಳ ಮಸಿ ಒರೆಸಿ, ಉರಿ ಮೊದಲು ತಾಗುವ ಅಡಿಭಾಗದಿಂದಲೇ ಬಳಿಯಲು ಶುರು ಮಾಡಿದೆ.