ಮಗಳ ಹೆಸರಿನಲ್ಲಿ ಹಾಡು ಕೇಳಿದವರು

ಬಾಯಮ್ಮನ ಬಲಗಿವಿಯ ಹಿಂದೆ ಒಂದು ಎಳೆ ಕೂದಲು ಗಿಳಿಹಸಿರಾಗಿತ್ತು. ಉಳಿದದ್ದೆಲ್ಲ ಅರೆನರೆತ ಕೂದಲು, ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ತುರುಬು. ಭಾನುವಾರ ಇಗರ್ಜಿಗೆ ಹೋಗುವಾಗ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರೂ ಆ ಹಸಿರು ಹೇಗೋ ಹೊರಗೆ ಇಣುಕುತ್ತಿತ್ತು. ಪಾದ್ರಿಗಳು ಒಮ್ಮೆ, "ಇದು ಎಂತದು, ಪೇಂಟ್ ತಾಗಿದ್ದಾ?" ಎಂದು ಕೇಳಿದರಂತೆ. "ಅಲ್ಲ ಫಾದರ್, ನಾನೇ ಹಚ್ಚಿಕೊಂಡದ್ದು" ಎಂದು ಇವರು ಹೇಳಿ ಮುಂದೆ ನಡೆದರಂತೆ. ಯಾರಿಗೂ ಯಾವುದಕ್ಕೂ ವಿವರಣೆ ಕೊಡುವ ಅಭ್ಯಾಸ ಅವರಿಗಿರಲಿಲ್ಲ.

ಐವತ್ತು ದಾಟಿದ ಆ ಹೆಂಗಸು ಕೊರಿಯಾ ದೇಶದ ಐವರು ಹುಡುಗರ ಹಾಡಿನ ತಂಡವೊಂದರ ಅಭಿಮಾನಿ. ಹಸಿರು ಆ ತಂಡದ ಬಣ್ಣ.

ಕಾಪುವಿನಲ್ಲಿ ಅವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗೆ ಇದ್ದೆ. ನನ್ನದು ಕಾರ್ಕಳ. ಕೆಲಸ ಮಣಿಪಾಲದಲ್ಲಿ, ರಕ್ತಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ. ಕಾರ್ಕಳದಿಂದಲೇ ದಿನಾ ಬಸ್ಸಿನಲ್ಲಿ ಹೋಗಿ ಬರಬಹುದಿತ್ತು. ಆದರೆ ಮನೆಯಲ್ಲಿ ಇರಲಾಗದೆ ಬಂದವಳು ನಾನು. ನನ್ನ ತಮ್ಮ ಹಳೆಯ ಕಲ್ಲುಕೋರೆಯ ನೀರಿಗೆ ಈಜಲು ಹೋಗಿ ತೀರಿಕೊಂಡಿದ್ದ. ಅಪ್ಪ ಅವನ ಫೋಟೋಗಳನ್ನೆಲ್ಲ ತೆಗೆದು ಅಟ್ಟಕ್ಕೆ ಹಾಕಿದ್ದರು. ಅಮ್ಮ ಅವನ ಹೆಸರು ಎತ್ತುತ್ತಿರಲಿಲ್ಲ. ಊಟಕ್ಕೆ ಕೂತರೆ ಬಡಿಸುವ ಸೌಟಿನ ಸದ್ದು ಬಿಟ್ಟರೆ ಇನ್ನೊಂದಿಲ್ಲ. ದೂರದಲ್ಲಿದ್ದರೆ ಉಸಿರಾಡಬಹುದು ಎನ್ನಿಸಿ ಕಾಪುವಿಗೆ ಬಂದೆ.

ಬಾಯಮ್ಮನ ಗಂಡ ದೋಹಾದಲ್ಲಿ ಕೆಲಸದಲ್ಲಿದ್ದರು, ವರ್ಷಕ್ಕೊಮ್ಮೆ ಬರುತ್ತಿದ್ದರು. ಇವರು ಮನೆಯಲ್ಲೇ ಕೇಕು ಮಾಡಿ ಮಾರುತ್ತಿದ್ದರು. ಮದುವೆಗೆ, ಕ್ರಿಸ್ಮಸ್ಸಿಗೆ, ಶಾಲೆಯ ಮಕ್ಕಳ ಹುಟ್ಟುಹಬ್ಬಕ್ಕೆ ಎಲ್ಲ ಇವರದೇ ಕೇಕು. ಆ ಐವರು ಹುಡುಗರ ಹುಟ್ಟುಹಬ್ಬ ಬಂದಾಗ ಮಾತ್ರ ಮಾರುವ ಕೇಕು ಇಲ್ಲ. ದೊಡ್ಡದೊಂದು ಕೇಕು ಮಾಡಿ, ಓಣಿಯ ಮನೆಗಳಿಗೆಲ್ಲ ಹಂಚಿ, ಉಳಿದದ್ದನ್ನು ಉಡುಪಿ ಬಸ್ಸಿನ ಕಂಡಕ್ಟರುಗಳಿಗೆ ಕೊಟ್ಟು ಬರುತ್ತಿದ್ದರು. ಹುಡುಗರ ಹೆಸರುಗಳು ಯಾರ ಬಾಯಿಗೂ ಹೊಂದುತ್ತಿರಲಿಲ್ಲವಾದ್ದರಿಂದ ಇವರೇ ಅಡ್ಡಹೆಸರು ಇಟ್ಟಿದ್ದರು. ದೊಡ್ಡವ, ಮೌನಿ, ಉದ್ದದವ, ತುಂಟ, ಸಣ್ಣವ. ಮೀನು ಮಾರಲು ಬರುವ ಹೆಂಗಸು ಬುಟ್ಟಿ ಇಳಿಸುತ್ತಲೇ ಕೇಳುತ್ತಿದ್ದಳು: "ಸಣ್ಣವನ ಕಾಲು ನೋವು ಹೇಗುಂಟು ಬಾಯಮ್ಮ?"

"ಈಗ ಅಡ್ಡಿಯಿಲ್ಲ. ಆದರೂ ಕುಣಿಸ್ತಾರೆ ಪಾಪ, ಅವನ ಕಂಪೆನಿಯವರು."

"ದುಡ್ಡಿನವರು ಎಲ್ಲ ಕಡೆ ಹಾಗೆಯೇ" ಎಂದು ಅವಳು ಬಂಗುಡೆ ಎಣಿಸಿ ಹಾಕುತ್ತಿದ್ದಳು.

ಬೆಳಿಗ್ಗೆ ನನ್ನ ಕೋಣೆಯ ನೆಲ ಸಣ್ಣಗೆ ಅದುರುತ್ತಿತ್ತು. ಕೆಳಗೆ ಬಾಯಮ್ಮ ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು, ನೈಟಿಯನ್ನು ಸೊಂಟಕ್ಕೆ ಸಿಕ್ಕಿಸಿ, ಹೊಸ ಹಾಡಿನ ಹೆಜ್ಜೆ ಕಲಿಯುತ್ತಿದ್ದರು. ಮೊದಲ ಸಲ ನಾನು ನೋಡಿದ್ದು ಗೊತ್ತಾದಾಗ ನಾಚಿಕೊಳ್ಳಲಿಲ್ಲ. "ಮಂಡಿಗೆ ಒಳ್ಳೇದು ಮಾರಾಯ್ತಿ" ಎಂದರು.

ಇಷ್ಟೇ ಆಗಿದ್ದರೆ ತಮಾಷೆಯ ಹೆಂಗಸೊಬ್ಬಳ ನೆನಪಾಗಿ ಉಳಿಯುತ್ತಿತ್ತು. ಆದರೆ ಸಂಜೆಗಳು ಬೇರೆಯಾಗಿದ್ದವು. ದೇವರ ಮುಂದೆ ಜಪಮಾಲೆ ಮುಗಿದ ಮೇಲೆ ಕೆಳಗೆ ಒಂದು ಬಾಗಿಲು ಕಿರ್ ಎನ್ನುತ್ತಿತ್ತು. ನಂತರ ಎಳೆಯ ಹುಡುಗಿಯೊಬ್ಬಳು ಹಾಡುತ್ತಿದ್ದಳು. ತಿಳಿಯದ ಭಾಷೆ, ನಡುವೆ ಒಮ್ಮೆ ನಗು, ಒಮ್ಮೆ ತಪ್ಪಿ ಮತ್ತೆ ಮೊದಲಿನಿಂದ. ಆ ಮನೆಯಲ್ಲಿ ಹುಡುಗಿ ಯಾರೂ ಇರಲಿಲ್ಲ. ಮೆಟ್ಟಿಲ ಬುಡದ ಕೋಣೆಗೆ ಹಗಲೆಲ್ಲ ಬೀಗ. ಮೀನಿನವಳನ್ನು ಕೇಳಿದಾಗ ಅವಳು ದನಿ ತಗ್ಗಿಸಿ, "ಬಾಯಮ್ಮನ ಮಗಳು. ತೀರಿಹೋದದ್ದು. ಆದರೆ ಇನ್ನೂ ಹೋಗಲಿಲ್ಲ" ಎಂದಳು. ನಾನು ಅಂಥದ್ದನ್ನು ನಂಬುವವಳಲ್ಲ. ಆದರೂ ಆಮೇಲಿನ ಸಂಜೆಗಳಲ್ಲಿ ಕೆಲಸ ಮುಗಿದರೂ ಉಡುಪಿ ಬಸ್ ನಿಲ್ದಾಣದಲ್ಲಿ ಸುಮ್ಮನೆ ಕೂತು ಒಂದೆರಡು ಬಸ್ಸು ಬಿಟ್ಟು ಬರುತ್ತಿದ್ದೆ.

ಒಂದು ದಿನ ಬಾಯಮ್ಮನೇ ಮೆಟ್ಟಿಲ ಬಳಿ ನಿಂತು ಕರೆದರು. "ಸ್ವಲ್ಪ ಬಾ. ಒಂದು ಇಂಗ್ಲಿಷ್ ಮಾತು ಓದಿ ಹೇಳ್ಬೇಕು."

ಆ ಕೋಣೆಗೆ ನಾನು ಹೋದದ್ದು ಅದೇ ಮೊದಲು. ಗೋಡೆಯ ತುಂಬ ಐವರು ಹುಡುಗರು. ಮಂಚದ ಮೇಲೆ ಮಡಚಿಟ್ಟ ಹೊದಿಕೆ. ಮೇಜಿನ ಮೇಲೆ ತೆರೆದ ಲ್ಯಾಪ್‌ಟಾಪಿನಿಂದ ಆ ದನಿ ಬರುತ್ತಿತ್ತು. ಮಗಳು ತಂಡದ ಹಾಡುಗಳನ್ನು ತಾನೇ ಹಾಡಿ ಅದರಲ್ಲಿ ರೆಕಾರ್ಡ್ ಮಾಡಿಟ್ಟಿದ್ದಳು. ಬಾಯಮ್ಮ ದನಿಯನ್ನು ನಿಲ್ಲಿಸದೆ ಕುರ್ಚಿ ತೋರಿಸಿದರು. ಮಗಳ ಹೆಸರಿಗೆ ಬಂದ ಸಂದೇಶವೊಂದನ್ನು ನನ್ನಿಂದ ಓದಿಸಿಕೊಂಡು, ಆಮೇಲೆ ಕತೆ ಹೇಳಿದರು.

ಮಗಳು ಉಡುಪಿಯಲ್ಲಿ ಬಿಕಾಂ ಓದುತ್ತಿದ್ದಾಗ ರಕ್ತದ ಕಾಯಿಲೆ ಬಂದದ್ದು. ಆಸ್ಪತ್ರೆಯಲ್ಲಿದ್ದಾಗಲೇ ಆ ತಂಡದ ಹೊಸ ಹಾಡು ಬಿಡುಗಡೆಯಾಯಿತು. ಹೆಚ್ಚು ಸಲ ಕೇಳಿದಷ್ಟೂ ಹಾಡು ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೇಲೇರುತ್ತದೆ, ಅದಕ್ಕೇ ಅಭಿಮಾನಿಗಳು ಹಗಲಿರುಳು ಓಡಿಸುತ್ತಾರೆ. ಮಗಳಿಗೆ ಮೊಬೈಲ್ ಹಿಡಿಯುವ ಶಕ್ತಿ ಇರಲಿಲ್ಲ. ಅಮ್ಮನ ಕೈಗೆ ಕೊಟ್ಟು, "ನಿಲ್ಲಿಸಬೇಡ ಮಮ್ಮಿ" ಅಂದಳಂತೆ.

"ನಾನು ವರಾಂಡದಲ್ಲಿ ಕೂತು ಓಡಿಸ್ತಾ ಇದ್ದೆ. ಒಳಗಿಂದ ನರ್ಸ್ ಬಂದು ನನ್ನ ಭುಜದ ಮೇಲೆ ಕೈ ಇಟ್ಟಳು. ಆಗಲೂ ಹಾಡು ಓಡ್ತಾ ಇತ್ತು. ನಾನು ನಿಲ್ಲಿಸಲಿಲ್ಲ" ಎಂದರು ಬಾಯಮ್ಮ. "ನಿಲ್ಲಿಸಬೇಡ ಅಂದಿದ್ದಳಲ್ಲ."

ಮಣ್ಣು ಮಾಡಿದ ಮೂರನೆಯ ದಿನ ಮಗಳ ಮೊಬೈಲಿಗೆ ಸಂದೇಶಗಳು ಬರತೊಡಗಿದವಂತೆ. ಎಲ್ಲೆಲ್ಲಿಯದೋ ಹುಡುಗಿಯರು, ಆ ತಂಡದ ಅಭಿಮಾನಿಗಳ ಗುಂಪಿನವರು. ಎಲ್ಲಿದ್ದಿ, ಯಾಕೆ ಕಾಣುತ್ತಿಲ್ಲ, ಹುಷಾರಾ? ಬಾಯಮ್ಮ "ಹುಷಾರು" ಎಂದು ಬರೆದರು. ತಾಯಿ ಎಂದು ಹೇಳಲಿಲ್ಲ. ಒಮ್ಮೆ ಬರೆದ ಮೇಲೆ ಮತ್ತೊಮ್ಮೆ ಬರೆಯಬೇಕಾಯಿತು. ಮಗಳ ಹಳೆಯ ಮಾತುಗಳನ್ನೆಲ್ಲ ಕೂತು ಓದಿ, ಅವಳು ಹೇಗೆ ನಗುತ್ತಿದ್ದಳು, ಯಾವಾಗ ಮುನಿಯುತ್ತಿದ್ದಳು, ತುಂಟನ ಬಗ್ಗೆ ಯಾರಾದರೂ ಕೆಟ್ಟದ್ದು ಹೇಳಿದರೆ ಹೇಗೆ ಜಗಳಕ್ಕೆ ನಿಲ್ಲುತ್ತಿದ್ದಳು ಎಂದು ಕಲಿತರು. ಹಾಡು ಕಲಿತದ್ದು, ಹೆಜ್ಜೆ ಕಲಿತದ್ದು, ಕೂದಲಿಗೆ ಹಸಿರು ಹಚ್ಚಿದ್ದು ಎಲ್ಲ ಆಮೇಲೆ.

"ಇಲ್ಲಿ ಎಲ್ಲರಿಗೂ ಅವಳು ಸತ್ತಿದ್ದಾಳೆ" ಎಂದರು. "ಅಲ್ಲಿ ಯಾರಿಗೂ ಗೊತ್ತಿಲ್ಲ. ಅಲ್ಲಿ ಅವಳಿಗೆ ಮೊನ್ನೆ ಇಪ್ಪತ್ತೆರಡು ತುಂಬಿತು. ಎಲ್ಲರೂ ವಿಶ್ ಮಾಡಿದರು."

ಲ್ಯಾಪ್‌ಟಾಪಿನಲ್ಲಿ ಆ ಹುಡುಗಿ ಹಾಡುತ್ತಲೇ ಇದ್ದಳು.

ಅಂದಿನಿಂದ ನಾನು ಸಂಜೆ ಆ ಕೋಣೆಗೆ ಹೋಗಿ ಕೂರುವುದು ಅಭ್ಯಾಸವಾಯಿತು. ಹೆದರಿಕೆ ಹೋಗಿರಲಿಲ್ಲ. ಆದರೆ ಸತ್ತವರ ದನಿ ಕೇಳುವ ಮನೆ, ಸತ್ತವರ ಹೆಸರೇ ಹೇಳದ ನಮ್ಮ ಮನೆಗಿಂತ ಬೆಚ್ಚಗಿತ್ತು. ತಮ್ಮ ತೀರಿಕೊಂಡದ್ದನ್ನು ಬಾಡಿಗೆಗೆ ಬಂದಾಗ ಒಂದೇ ಮಾತಿನಲ್ಲಿ ಹೇಳಿದ್ದೆ. ಬಾಯಮ್ಮ ಮಗಳ ಸುದ್ದಿ ಹೇಳಿ ಹೇಳಿ, ನಡುವೆ ಸಹಜವಾಗಿ, "ನಿನ್ನ ತಮ್ಮ ಎಂತ ಹಾಡು ಕೇಳ್ತಿದ್ದ?" ಎಂದು ಕೇಳುತ್ತಿದ್ದರು. ನಾನು ಎಷ್ಟೋ ಕಾಲದ ಮೇಲೆ ಅವನ ಬಗ್ಗೆ ಬಾಯಿ ತೆರೆದದ್ದು ಅಲ್ಲಿ.

ಆ ಗುಂಪಿನಲ್ಲಿ ಉಡುಪಿಯದೇ ಒಬ್ಬಳು ಹುಡುಗಿ ಇದ್ದಳು. ಅಪ್ಪ ಅಮ್ಮ ಬಾಗಲಕೋಟೆ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಇವಳು ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಮಗಳನ್ನು ಎಂದೂ ಕಣ್ಣಾರೆ ನೋಡಿದವಳಲ್ಲ, ಆದರೂ ಅವಳೇ ಎಲ್ಲರಿಗಿಂತ ಹತ್ತಿರದ ಗೆಳತಿ. ಭೇಟಿಯಾಗೋಣ ಎಂದಾಗಲೆಲ್ಲ ಬಾಯಮ್ಮ ಜ್ವರ, ಪರೀಕ್ಷೆ ಎಂದು ನೆಪ ಹೇಳಿ ಜಾರಿಕೊಳ್ಳುತ್ತಿದ್ದರು. ಒಮ್ಮೆ ತಂಡದ ಕಾರ್ಯಕ್ರಮದ ಚಿತ್ರ ಮಣಿಪಾಲದ ಚಿತ್ರಮಂದಿರಕ್ಕೆ ಬಂತು. "ಎರಡು ಟಿಕೆಟ್ ತಗೊಂಡೀನಿ. ಈ ಸಲ ಬರಲಿಲ್ಲಂದ್ರ ನೀ ನನ್ನ ಗೆಳತಿನ ಅಲ್ಲ" ಎಂದು ಅವಳು ಬರೆದಳು.

ಬಾಯಮ್ಮ ಎರಡು ದಿನ ಕೇಕಿನ ಒಲೆ ಹಚ್ಚಲಿಲ್ಲ. ಮೂರನೆಯ ದಿನ ನನ್ನ ಹತ್ತಿರ, "ನೀನೂ ಬಾ" ಎಂದರು.

ಚಿತ್ರಮಂದಿರದ ಅಂಗಳದಲ್ಲಿ ಕಾಲೇಜಿನ ಮಕ್ಕಳು ಕಿಕ್ಕಿರಿದಿದ್ದರು. ಎಲ್ಲರ ಕೈಯಲ್ಲೂ ಹಸಿರು ಬೆಳಕಿನ ಕೋಲು. ಆ ಗದ್ದಲದ ನಡುವೆ ಒಬ್ಬಳೇ ನಿಂತು, ಬಂದ ಹುಡುಗಿಯರ ಮುಖವನ್ನೆಲ್ಲ ನೋಡುತ್ತಿದ್ದವಳನ್ನು ಬಾಯಮ್ಮ ದೂರದಿಂದಲೇ ಗುರುತಿಸಿದರು. ಇಸ್ತ್ರಿ ಮಾಡಿದ ಹಸಿರು ಚೂಡಿದಾರ, ಜಡೆಗೆ ಮಲ್ಲಿಗೆ. ಬಾಯಮ್ಮ ಹೋಗಿ ಅವಳ ಮುಂದೆ ನಿಂತರು.

"ನಾನು ಅವಳ ಮಮ್ಮಿ" ಎಂದರು. ಹುಡುಗಿ ನಗುತ್ತ ನಮಸ್ಕಾರ ಮಾಡಿ ಅವರ ಹಿಂದೆ ಇಣುಕಿದಳು. ಅಲ್ಲಿ ನಾನಿದ್ದೆ. "ಇವಳಲ್ಲ" ಎಂದರು ಬಾಯಮ್ಮ. "ಅವಳು ಇಲ್ಲ ಮಗಾ. ತೀರಿಹೋಗಿ ಎರಡು ವರ್ಷ ಆಯಿತು. ನಿನ್ನ ಹತ್ತಿರ ಮಾತಾಡ್ತಿದ್ದದ್ದು ನಾನು."

ಹುಡುಗಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಆಮೇಲೆ ತುಂಬ ನಿಧಾನವಾಗಿ ಕೇಳಿದಳು: "ನಮ್ಮಪ್ಪ ಬಿದ್ದು ಆಸ್ಪತ್ರಿಯೊಳಗಿದ್ದಾಗ, ನಾ ಬದುಕೂದಿಲ್ಲ ಅಂತ ಬರದಿದ್ನಲ್ಲ. ಆವಾಗ ಇಡೀ ದಿನ ನನ್ನ ಜೋಡಿ ಇದ್ದಾಕಿ ಯಾರ್ರಿ?"

"ನಾನೇ."

"ಮತ್ತ ಆಕಿ?"

"ಅದಕ್ಕಿಂತ ಮುಂಚೆಯೇ ಹೋಗಿದ್ದಳು."

ಕೂಗಾಡುತ್ತಾಳೆ ಎಂದುಕೊಂಡೆ. ಅವಳು ಕೂಗಲಿಲ್ಲ. "ಎರಡು ವರ್ಷ ನನ್ನ ಗೆಳತಿ ಸತ್ತಾಳಂತ ನನಗ ಗೊತ್ತಿಲ್ಲ. ನನಗ ಅಳಾಕೂ ಬಿಡಲಿಲ್ಲಲ್ರಿ ನೀವು" ಎಂದಳು. ಎರಡೂ ಟಿಕೆಟ್ಟುಗಳನ್ನು ಬಾಯಮ್ಮನ ಕೈಯಲ್ಲಿಟ್ಟು ಜನರ ನಡುವೆ ಇಳಿದು ಹೋದಳು.

ಮನೆಗೆ ಹೋಗೋಣ ಎಂದೆ. ಬಾಯಮ್ಮ ಒಪ್ಪಲಿಲ್ಲ. ಒಳಗೆ ಹೋಗಿ ಕೂತೆವು. ಪರದೆಯ ಮೇಲೆ ಐವರೂ ಬಂದಾಗ ಮಂದಿರವೇ ಎದ್ದು ನಿಂತಿತು. ಸಂಜೆ ಸಂಜೆ ನಾನು ಕೇಳಿದ ಆ ಹಾಡು ಶುರುವಾಯಿತು, ಎಲ್ಲ ಮಕ್ಕಳೂ ಸೇರಿ ಹಾಡಿದರು. ಒಂದೊಂದು ಅಕ್ಷರವೂ ಬಾಯಿಪಾಠ ಇದ್ದ ಬಾಯಮ್ಮ ಮಾತ್ರ ತುಟಿ ತೆರೆಯಲಿಲ್ಲ. ಮುಗಿಯುವ ತನಕ ನನ್ನ ಮೊಣಕೈ ಹಿಡಿದುಕೊಂಡಿದ್ದರು.

ಮರುದಿನ ಅವರೇ ಕೂತು ಗುಂಪಿಗೆ ಬರೆದರು. ಮಗಳ ಹಾಗೆ ಬರೆಯಲಿಲ್ಲ, ತಮ್ಮದೇ ಹರುಕು ಇಂಗ್ಲಿಷಿನಲ್ಲಿ ಬರೆದರು. ನನ್ನ ಮಗಳು ಇಲ್ಲ, ನಾನು ಅವಳ ತಾಯಿ, ನಿಮಗೆಲ್ಲ ಸುಳ್ಳು ಹೇಳಿದೆ, ಕ್ಷಮಿಸಿ. ಕೆಲವರು ಬೈದರು. ಒಬ್ಬಳು, ಹೆಣದ ಹೆಸರಿನಲ್ಲಿ ಮಾತಾಡಿದಿರಿ, ನೆನೆದರೆ ಭಯವಾಗುತ್ತದೆ ಎಂದು ಬರೆದಳು. ಬಾಯಮ್ಮ ಅದನ್ನು ಎರಡು ಸಲ ಓದಿಸಿ, "ಸರಿಯೇ ಹೇಳಿದ್ದಾಳೆ" ಎಂದರು. ಹೆಚ್ಚಿನವರು ಮೇಣದ ಬತ್ತಿ ಹಚ್ಚಿ ಫೋಟೋ ಕಳಿಸಿದರು. ಯಾವ ಯಾವ ದೇಶದ್ದೋ ಕಿಟಕಿಗಳು, ಯಾವ ಯಾವ ಮನೆಯದೋ ಮೇಜುಗಳು.

ಅಂದು ಸಂಜೆ ಕೆಳಗಿನ ಬಾಗಿಲು ತೆರೆಯಲಿಲ್ಲ. ದನಿ ಬರಲಿಲ್ಲ. ಮರುದಿನವೂ ಇಲ್ಲ. ಆ ಮನೆಯಲ್ಲಿ ನನಗೆ ನಿಜವಾದ ಹೆದರಿಕೆಯಾದದ್ದು ಆ ದಿನಗಳಲ್ಲಿ. ಹಾಡು ಕೇಳುವಾಗ ಹುಡುಗಿ ಎಲ್ಲೋ ಇದ್ದಾಳೆ ಅನಿಸುತ್ತಿತ್ತು. ಈಗ ಅವಳು ಇಲ್ಲ ಎನ್ನುವುದು ಮೆಟ್ಟಿಲು ಮೆಟ್ಟಿಲಲ್ಲಿ ಕೂತಿತ್ತು. ಬಾಯಮ್ಮ ಅಡಿಗೆಮನೆಯಲ್ಲಿ ಮೊಟ್ಟೆ ಗೊಟಾಯಿಸುತ್ತ ನಡುವೆ ಕೈ ನಿಲ್ಲಿಸಿ, ಕಿವಿಗೊಟ್ಟು, ಮತ್ತೆ ಗೊಟಾಯಿಸುತ್ತಿದ್ದರು.

ಆ ವಾರ ನನಗೆ ಹೇಳಿದರು: "ನೀನು ಊರಿಗೆ ಹೋಗಿ ಬಾ. ನಾನು ಸತ್ತವಳನ್ನು ಸಾಯಲಿಕ್ಕೆ ಬಿಡಲಿಲ್ಲ. ನಿಮ್ಮ ಮನೆಯಲ್ಲಿ ಅವನು ಹುಟ್ಟಿಯೇ ಇರಲಿಲ್ಲ ಅನ್ನುವ ಹಾಗೆ ಮಾಡಿದ್ದೀರಿ. ಎರಡೂ ತಪ್ಪು."

ಕಾರ್ಕಳಕ್ಕೆ ಹೋದೆ. ಊಟಕ್ಕೆ ಕೂತಾಗ, "ಅವನಿಗೆ ಈ ನೀರುದೋಸೆ ಇದ್ದರೆ ಬೇರೆ ಎಂತದೂ ಬೇಡವಿತ್ತು, ಅಲ್ವಾ ಅಮ್ಮ?" ಎಂದೆ. ಅಪ್ಪ ತಟ್ಟೆ ಬಿಟ್ಟು ಎದ್ದು ಹೋದರು. ಅಮ್ಮ ಕಾವಲಿಗೆ ಇನ್ನೊಂದು ದೋಸೆ ಹುಯ್ದು, "ಬೆಲ್ಲ ತೆಂಗಿನಕಾಯಿ ಬೇಕಿತ್ತು ಅವನಿಗೆ" ಎಂದರು. ಒಳಕೋಣೆಯಿಂದ ಅಪ್ಪ ಅಳುವುದು ಕೇಳಿಸಿತು. ಅವನು ಹೋದ ಮೇಲೆ ಅಮ್ಮ ಅವನ ಹೆಸರು ಹಿಡಿದು ಮಾತಾಡಿದ್ದು ಅಂದು ಸಂಜೆಯೇ ಮೊದಲು.

ಸತ್ತವರ ಸಮಾಧಿಗೆ ಮೇಣದ ಬತ್ತಿ ಹಚ್ಚುವ ನವೆಂಬರಿನ ಹಬ್ಬಕ್ಕೆ ಬಾಯಮ್ಮನ ಜೊತೆ ನಾನೂ ಇಗರ್ಜಿಯ ಹಿತ್ತಲಿಗೆ ಹೋಗಿದ್ದೆ. ಮಗಳ ಸಮಾಧಿಯ ಮುಂದೆ ಆ ಬಟ್ಟೆ ಅಂಗಡಿಯ ಹುಡುಗಿ ಕೂತಿದ್ದಳು. ವಿಳಾಸ ಯಾರು ಹೇಳಿದರೋ, ಕೇಳಲಿಲ್ಲ. ಅವರ ಕಡೆಯ ಹೆಂಗಸರು ಹೆಣದ ಮುಂದೆ ಅಳುವ ಹಾಗೆ, ಹೆಸರು ಕರೆದು, ಮಾತು ಜೋಡಿಸಿ ಜೋಡಿಸಿ ಅಳುತ್ತಿದ್ದಳು. ಸುತ್ತಲಿನ ಸಮಾಧಿಗಳ ಬಳಿ ಸದ್ದಿಲ್ಲದೆ ಪ್ರಾರ್ಥನೆ ಮಾಡುತ್ತಿದ್ದವರು ತಿರುಗಿ ನೋಡಿದರು. ಬಾಯಮ್ಮ ದೂರದಲ್ಲೇ ನಿಂತು ಅವಳು ಅತ್ತು ಮುಗಿಯುವ ತನಕ ಕಾದರು. ಆಮೇಲೆ ಹತ್ತಿರ ಹೋಗಿ, "ಊಟ ಮಾಡಿ ಹೋಗು" ಎಂದರು. ಅವಳು ಬಂದಳು. ಮುಂದಿನ ಭಾನುವಾರವೂ ಬಂದಳು. ಸಣ್ಣವ ಒಳ್ಳೆಯವನೋ ಮೌನಿಯೋ ಎಂದು ಇಬ್ಬರೂ ವಾದ ಮಾಡುವುದು ಮಹಡಿಗೆ ಕೇಳುತ್ತಿತ್ತು. ಬಾಯಮ್ಮ ಆಗ ಹಾಡು ಕೇಳುತ್ತಿದ್ದದ್ದು ತಮಗಾಗಿಯೇ.

ಕಳೆದ ವರ್ಷ ಒಂದು ಬೆಳಿಗ್ಗೆ ನೆಲ ಅದುರಲಿಲ್ಲ. ಕೆಳಗೆ ಹೋದೆ. ಬಾಯಮ್ಮ ಅಡಿಗೆಮನೆಯ ಗೋಡೆಗೆ ಒರಗಿ ಕೂತಿದ್ದರು, ಮೊಬೈಲ್ ಮಡಿಲಲ್ಲಿ, ಹಾಡು ಓಡುತ್ತಾ ಇತ್ತು. ನಾಡಿ ಹಿಡಿಯದೆಯೇ ನನಗೆ ತಿಳಿಯಿತು. ಹಾಡನ್ನು ನಿಲ್ಲಿಸಿದವಳು ನಾನು.

ದೋಹಾಕ್ಕೆ ಫೋನ್ ಮಾಡಿದೆ, ಆಮೇಲೆ ಆ ಹುಡುಗಿಗೆ. ಅವಳು ಅಂಗಡಿಯ ಸಮವಸ್ತ್ರದಲ್ಲೇ ಓಡಿ ಬಂದಳು. ಬಾಯಮ್ಮನ ಪಾದ ಮುಟ್ಟಿ, ಪಕ್ಕದಲ್ಲಿ ನೆಲದ ಮೇಲೆ ಕೂತು, ತನ್ನ ಮೊಬೈಲ್ ತೆಗೆದಳು. "ಅಕ್ಕಾ, ಈ ಸಲ ಈಗಿಂದೀಗ ಹೇಳಿಬಿಡತೀನಿ ಎಲ್ಲಾರ್ಗೂ" ಎಂದು ನನಗೆ ಹೇಳಿದಳು. ಬಾಯಮ್ಮ ಇಂದು ಬೆಳಿಗ್ಗೆ ಹೋದರು ಎಂದು ಗುಂಪಿಗೆ ಬರೆದಳು.

ಇಗರ್ಜಿಯಲ್ಲಿ ಸಾವಿನ ಗಂಟೆ ಹೊಡೆಯುವ ಮೊದಲೇ ಅವಳ ಮೊಬೈಲ್ ಬಿಟ್ಟು ಬಿಟ್ಟು ಸದ್ದು ಮಾಡತೊಡಗಿತು. ಎಲ್ಲೆಲ್ಲಿಯೋ ಹುಡುಗಿಯರು ಅಳಲು ಶುರು ಮಾಡಿದ್ದರು.